ಬಾವಿಯ ಕೆಸರಲ್ಲಿ ಮದ್ದಿನ ವಾಸನೆ

2018ರ ಜುಲೈ. ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಲ್ಲಿ ಹಾಳುಬಿದ್ದ ಬಾವಿಯ ದಂಡೆಯ ಮೇಲೆ ನಿಂತಿದ್ದೀರಿ. ಕೆಳಗೆ ಪುರಾತತ್ವ ಇಲಾಖೆಯವರು ಕೆಸರು ತೋಡುತ್ತಿದ್ದಾರೆ. ಮೇಲೆ ಬಂದ ಕೆಸರಿಗೆ ಮದ್ದಿನ ವಾಸನೆ. ಅದರೊಳಗೆ ತುಕ್ಕು ತಿಂದ ಕಬ್ಬಿಣದ ಕೊಳವೆ, ಗೇಣುದ್ದದ್ದು. ಇನ್ನೊಂದು. ಮತ್ತೊಂದು. ಎಣಿಕೆ ಸಾವಿರ ದಾಟುತ್ತದೆ. ಎಲ್ಲ ಟಿಪ್ಪು ಕಾಲದ ರಾಕೆಟ್‌ಗಳು.

ವಿಜಯಪುರ ಜಿಲ್ಲೆಯ ಮುಳವಾಡದಿಂದ ಬಂದ ನಿಮಗೆ ಯುದ್ಧದ ಮದ್ದು ಎಂದರೆ ವಿಜಯಪುರದ ಮಾಲಿಕ್-ಎ-ಮೈದಾನ್ ಫಿರಂಗಿ: ಸುಮಾರು 55 ಟನ್ ತೂಕ, ಹುಡುಗರು ಒಳಗೆ ತೂರಬಹುದಾದಷ್ಟು ದೊಡ್ಡ ಬಾಯಿ. ಅದನ್ನು ನೋಡಿ ಬೆಳೆದ ಕಣ್ಣಿಗೆ ಇದು ಒಲೆಯ ಊದುಗೊಳವೆ.

ಈ ಊದುಗೊಳವೆಯನ್ನು ಓದಲು ಕಲಿಸಿದವರು ವೈಮಾನಿಕ ವಿಜ್ಞಾನಿ ರೊದ್ದಂ ನರಸಿಂಹ. ಕನ್ನಡದಲ್ಲಿ ವಿಜ್ಞಾನ ಬರೆದ ಆರ್.ಎಲ್. ನರಸಿಂಹಯ್ಯನವರ ಮಗ, ಸತೀಶ್ ಧವನ್‌ರ ಶಿಷ್ಯ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ನಿರ್ದೇಶಕರಾಗಿದ್ದಾಗಲೇ, 1985ರಲ್ಲಿ, ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್‌ಗಳ ಬಗ್ಗೆ ಬರೆದರು. ಇಂಗ್ಲೆಂಡಿನ ವೂಲಿಚ್‌ನಲ್ಲಿ ಉಳಿದಿದ್ದ ಎರಡು ಮೈಸೂರು ರಾಕೆಟ್‌ಗಳ ಅಳತೆ ಅದರಲ್ಲಿದೆ. ಒಂದರ ವ್ಯಾಸ 58 ಮಿಲಿಮೀಟರ್, ಉದ್ದ 254. ತೊಗಲಿನ ಪಟ್ಟಿಯಿಂದ ಮೀಟರುದ್ದದ ಕತ್ತಿಯಲಗಿಗೆ ಬಿಗಿದದ್ದು. ಇನ್ನೊಂದನ್ನು ಬಿದಿರುಗಳಕ್ಕೆ ಕಟ್ಟಲಾಗಿದೆ.

ಗುಟ್ಟಿರುವುದು ಕಬ್ಬಿಣದಲ್ಲಿ. ಕಾಗದದ ಕೊಳವೆಯಾದರೆ ಒಳಗಿನ ಒತ್ತಡಕ್ಕೆ ಸಿಡಿದುಹೋಗುತ್ತದೆ. ಕಬ್ಬಿಣ ತಾಳಿಕೊಳ್ಳುತ್ತದೆ, ಹೆಚ್ಚು ಮದ್ದನ್ನು ಗಿಡಿದು ತುಂಬಬಹುದು, ಕಿಲೋಮೀಟರಿಗೂ ಮೀರಿ ಹಾರಿಸಬಹುದು. 1780ರಲ್ಲಿ ಪೊಳ್ಳಿಲೂರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಇದರ ರುಚಿ ಕಂಡಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಳವೆಗಳು ಇಂಗ್ಲೆಂಡಿಗೆ ಹಡಗು ಹತ್ತಿದವು. ಅವನ್ನು ಮಾದರಿಯಾಗಿಟ್ಟುಕೊಂಡು ಅಲ್ಲಿನ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ರೂಪಿಸಿದ. ಆ ರಾಕೆಟ್‌ಗಳೂ ಸೇರಿದ ಬ್ರಿಟಿಷ್ ದಾಳಿಗೆ 1807ರಲ್ಲಿ ಕೋಪನ್‌ಹೇಗನ್ ಹೊತ್ತಿ ಉರಿಯಿತು.

ನರಸಿಂಹರು ಇಲ್ಲಿಗೆ ನಿಂತಿದ್ದರೆ ನಮಗೆ ಹೆಮ್ಮೆಯೊಂದೇ ಉಳಿಯುತ್ತಿತ್ತು. ನಮ್ಮ ಕಮ್ಮಾರನ ಕೈಯಲ್ಲಿದ್ದ ಜಾಣ್ಮೆ ನಮ್ಮಲ್ಲೇ ಲೆಕ್ಕವಾಗಿ, ಪ್ರಯೋಗವಾಗಿ ಏಕೆ ಬೆಳೆಯಲಿಲ್ಲ, ಬ್ರಿಟನ್ನಿನಲ್ಲಿ ಏಕೆ ಬೆಳೆಯಿತು ಎಂದು ಅವರು ಕೇಳಿದರು. ಗಾಳಿಯ ಹರಿವು ಎಲ್ಲಿ ಕದಡುತ್ತದೆಂದು ಜೀವಮಾನವಿಡೀ ಹುಡುಕಿದವರಿಗೆ ಚರಿತ್ರೆಯ ಹರಿವು ಕದಡಿದ ಜಾಗವೂ ಕಾಣಿಸಿತು. ಅವರನ್ನು ನಾನು ದೊಡ್ಡ ಚರಿತ್ರೆಕಾರ ಎನ್ನುವುದು ಈ ಪ್ರಶ್ನೆಗಾಗಿ.

ನಗರದ ಬಾವಿ ಬಾಯಿ ತೆರೆದಾಗ ಅವರು ಇನ್ನೂ ಇದ್ದರು. ತೀರಿಕೊಂಡದ್ದು 2020ರ ಡಿಸೆಂಬರಿನಲ್ಲಿ.

ದಂಡೆಯ ಮೇಲೆ ಒಬ್ಬರು ಕೊಳವೆಯೊಂದರ ಕೆಸರು ಒರೆಸುತ್ತಾರೆ. ತುಕ್ಕಿನ ಹೊಪ್ಪಳೆ ಬೆರಳಿಗೆ ಅಂಟುತ್ತದೆ. ಟೇಪು ಹಿಡಿಯುತ್ತಾರೆ: 23 ಸೆಂಟಿಮೀಟರ್. ಮುಂದಿನದು 26.