ಮುಳ್ಳನ್ನು ಮೆರವಣಿಗೆ ಮಾಡುವ ಊರು

ಸ್ಕಾಟ್ಲೆಂಡಿನ ದಕ್ಷಿಣ ಅಂಚಿನಲ್ಲಿ, ಇಂಗ್ಲೆಂಡಿನ ಗಡಿಗೆ ಹದಿಮೂರು ಕಿಲೋಮೀಟರಿನಷ್ಟು ದೂರದಲ್ಲಿ ಲ್ಯಾಂಗಮ್ ಎಂಬ ಪುಟ್ಟ ಊರಿದೆ. ಮೂರು ಹೊಳೆಗಳು ಕೂಡುವ ಜಾಗ. ಒಂದು ಕಾಲಕ್ಕೆ ಉಣ್ಣೆ ಗಿರಣಿಗಳಿಗೆ ಹೆಸರಾಗಿತ್ತು. ಜುಲೈ ತಿಂಗಳ ಕೊನೆಯ ಶುಕ್ರವಾರ ಇಲ್ಲಿನ ಜನ ಕುದುರೆ ಏರಿ ಊರೊಟ್ಟಿನ ಭೂಮಿಯ, ಅಂದರೆ ನಮ್ಮ ಗೋಮಾಳದಂಥ ಜಾಗದ, ಎಲ್ಲೆ ಸುತ್ತುತ್ತಾರೆ. ಅಂದಿನ ಮೆರವಣಿಗೆಯಲ್ಲಿ ಎಲ್ಲೆಯ ಮಣ್ಣು ಅಗೆಯುವ ಸನಿಕೆ, ಹೂವಿನ ಕಿರೀಟ, ಬಾರ್ಲಿ ರೊಟ್ಟಿಯ ಮೇಲೆ ಮೊಳೆ ಹೊಡೆದು ನಿಲ್ಲಿಸಿದ ಉಪ್ಪುಮೀನು ಸಾಗುತ್ತವೆ. ಜೊತೆಗೆ ಕೋಲಿನ ತುದಿಯಲ್ಲಿ ಒಂದು ಭಾರಿ ಮುಳ್ಳುಗಿಡ. ಅದೇ ಥಿಸಲ್.

ಥಿಸಲ್ ನಮಗೆ ತೀರಾ ಅಪರಿಚಿತವೇನಲ್ಲ. ಉತ್ತರ ಕರ್ನಾಟಕದ ಕುಸುಬೆ ಅದರ ಹತ್ತಿರದ ನೆಂಟ. ಜೋಳದ ಹೊಲಕ್ಕೆ ದನ ನುಗ್ಗದಿರಲೆಂದು ಅಂಚಿನಲ್ಲಿ ಕುಸುಬೆ ಹಾಕುವ ರೈತನಿಗೆ ಈ ಜಾತಿಯ ಮುಳ್ಳಿನ ಬೆಲೆ ಗೊತ್ತು.

ಸ್ಕಾಟ್ಲೆಂಡಿನಲ್ಲಿ ಈ ಗಿಡಕ್ಕೆ ಎರಡು ಬಾಳು. 1263ರ ಲಾರ್ಗ್ಸ್ ಕಾಳಗದಲ್ಲಿ ಬರಿಗಾಲಲ್ಲಿ ನುಸುಳಿ ಬಂದ ನಾರ್ವೆಯ ಸೈನಿಕನೊಬ್ಬ ಥಿಸಲ್ ತುಳಿದು ಚೀರಿದನಂತೆ, ಮಲಗಿದ್ದ ಸ್ಕಾಟರು ಎಚ್ಚೆತ್ತು ನಾಡು ಉಳಿಸಿಕೊಂಡರಂತೆ. ಆ ಕಾಲದ ಬರಹಗಳಲ್ಲಿ ಈ ಸಂಗತಿ ಇಲ್ಲ. ಆದರೆ 1470ರ ಸುಮಾರಿಗೆ ಮೂರನೆಯ ಜೇಮ್ಸ್ ದೊರೆಯ ಬೆಳ್ಳಿ ನಾಣ್ಯದ ಮೇಲೆ ಥಿಸಲ್ ಬಂದದ್ದು ನಿಜ. 1503ರಲ್ಲಿ ಸ್ಕಾಟ್ ದೊರೆ ಇಂಗ್ಲೆಂಡಿನ ರಾಜಕುಮಾರಿಯನ್ನು ವರಿಸಿದಾಗ ವಿಲಿಯಂ ಡನ್‌ಬಾರ್ ಕವಿ ಅವನನ್ನು ಥಿಸಲ್‌ಗೂ ಅವಳನ್ನು ಗುಲಾಬಿಗೂ ಹೋಲಿಸಿ ಕಾವ್ಯ ಬರೆದ. 1687ರಿಂದ ಇದರ ಹೆಸರಿನಲ್ಲೇ ರಾಜಗೌರವವೊಂದಿದೆ. ಕೆಣಕಿದವನು ದಂಡ ತೆರದೆ ಹೋಗಲಾರ ಎಂಬುದು ಅದರ ಧ್ಯೇಯವಾಕ್ಯ.

ಇನ್ನೊಂದು ಬಾಳು ಹೊಲದ್ದು. 1959ರ ಬ್ರಿಟನ್ನಿನ ಕಳೆ ಕಾಯ್ದೆ ಹೆಸರಿಸುವ ಐದು ಹಾನಿಕರ ಕಳೆಗಳಲ್ಲಿ ಎರಡು ಥಿಸಲ್‌ಗಳೇ! ಅವು ಹರಡದಂತೆ ತಡೆಯಲು ಜಮೀನಿನವರಿಗೆ ನೋಟಿಸು ಕೊಡಬಹುದು. ಕಿರೀಟಕ್ಕೆ ಬೇಕಾದದ್ದು ಹೊಲಕ್ಕೆ ಬೇಡ.

ಇಂಥದೇ ಎರಡು ಬಾಳು ಸ್ಕಾಟ್ಸ್ ಭಾಷೆಯದೂ ಹೌದು. ಹಾಡಿಗೆ ಹಬ್ಬಕ್ಕೆ ಅದು ಸೊಗಸು. ಒಂದು ಕಾಲಕ್ಕೆ ತರಗತಿಯಲ್ಲಿ ಆಡಿದರೆ ಹುಡುಗರಿಗೆ ಪೆಟ್ಟು ಬೀಳುತ್ತಿತ್ತು. ಅದು ಕೆಟ್ಟ ಇಂಗ್ಲಿಷು ಎಂಬ ತಾತ್ಸಾರ. 1892ರಲ್ಲಿ ಲ್ಯಾಂಗಮ್‌ನಲ್ಲೇ ಹುಟ್ಟಿದ ಹ್ಯೂ ಮ್ಯಾಕ್‌ಡಯರ್ಮಿಡ್ ಆ ಮಾತಿಗೆ ತಲೆಬಾಗಲಿಲ್ಲ. ಜನರ ಬಾಯಲ್ಲಿದ್ದ ನುಡಿಯ ಜೊತೆಗೆ ಹಳೆಯ ನಿಘಂಟಿನಲ್ಲಿ ಮಲಗಿದ್ದ ಪದಗಳನ್ನೂ ಎಬ್ಬಿಸಿ 1926ರಲ್ಲಿ ಒಂದು ನೀಳ್ಗವನ ಬರೆದ. ಕುಡಿದು ಗುಡ್ಡದ ಮೇಲೆ ಬಿದ್ದವನೊಬ್ಬ ಬೆಳದಿಂಗಳಲ್ಲಿ ಥಿಸಲ್ ದಿಟ್ಟಿಸುತ್ತ ತನ್ನ ನಾಡನ್ನೂ ತನ್ನನ್ನೂ ತೂಗಿನೋಡುವುದೇ ಅದರ ವಸ್ತು. ಹೊಗಳಿಕೆಗಿಂತ ಬೈಗುಳವೇ ಹೆಚ್ಚು. ಹುಟ್ಟೂರಿನ ಮೆರವಣಿಗೆಯೂ ಅದರಲ್ಲಿ ಬರುತ್ತದೆ. ಊರಾಚೆಯ ಗುಡ್ಡದಲ್ಲಿ 1985ರಿಂದ ತೆರೆದ ಪುಸ್ತಕದ ಆಕಾರದ ಉಕ್ಕು-ಕಂಚಿನ ಸ್ಮಾರಕ ಗಾಳಿಮಳೆಗೆ ಮೈಯೊಡ್ಡಿ ನಿಂತಿದೆ.

2022ರ ಜನಗಣತಿಯಲ್ಲಿ 15 ಲಕ್ಷಕ್ಕೂ ಹೆಚ್ಚು ಮಂದಿ ತಮಗೆ ಸ್ಕಾಟ್ಸ್ ಮಾತಾಡಲು ಬರುತ್ತದೆಂದು ಬರೆಸಿದರು. 2025ರಲ್ಲಿ ಅಲ್ಲಿನ ಸಂಸತ್ತು ಗೇಲಿಕ್ ಜೊತೆಗೆ ಸ್ಕಾಟ್ಸ್‌ಗೂ ಅಧಿಕೃತ ಸ್ಥಾನ ಕೊಟ್ಟು ಕಾಯ್ದೆ ಮಾಡಿತು. ಹೊಲದ ಥಿಸಲ್‌ನ ಬೇರು ನೇಗಿಲಿಗೆ ಸಿಕ್ಕಿ ತುಂಡಾದರೆ ಪ್ರತಿ ತುಂಡೂ ಚಿಗುರುತ್ತದೆ. ಭಾಷೆಗೆ ಆ ಅನುಕೂಲವಿಲ್ಲ. ಕಾಯ್ದೆ ಬಂದ ಮೇಲೂ ಅಡುಗೆಮನೆಯಲ್ಲಿ ಅದನ್ನು ಆಡುವ ತಾಯಿ, ಕೇಳಿ ಉತ್ತರ ಕೊಡುವ ಮಗು ಇರಲೇಬೇಕು.