ನೀರಿನೊಳಗಿನ ನೀಲಿ

"ಏನಾದರೂ ಅನ್ನಿಸಿತೇನೇ ಅಕ್ಕಾ?"

ವಿಕಿರಣ ಚಿಕಿತ್ಸೆಯ ಕೋಣೆಯಿಂದ ಅಕ್ಕ ಹೊರಬಂದಾಗಲೆಲ್ಲ ನಾನು ಕೇಳುತ್ತಿದ್ದೆ. ಅವಳು ಸೆರಗು ಸರಿಮಾಡಿಕೊಳ್ಳುತ್ತ, "ಏನೂ ಇಲ್ಲ ಕಣೇ. ಮಲಗಿಸಿದರು, ಎಬ್ಬಿಸಿದರು. ಒಳಗೆ ನಿಜವಾಗಿ ಏನಾದರೂ ನಡೆಯುತ್ತೋ, ಬರೀ ನಮ್ಮ ಸಮಾಧಾನಕ್ಕೋ?" ಅನ್ನುತ್ತಿದ್ದಳು. ಬೆಳಿಗ್ಗೆ, "ಇವತ್ತು ಬೇಡ ಬಿಡು" ಎಂದು ಕೂತುಬಿಡುವುದೂ ಶುರುವಾಯಿತು. ನನಗೆ ಭಯವಾಯಿತು.

ನಾನು ಬಿ.ಎ., ಬಿ.ಎಡ್. ಕನ್ನಡ ಹೇಳಿಕೊಡುವವಳು. ಉತ್ತರ ಎಲ್ಲಿಂದ ತರಲಿ? ರಸಾಯನಶಾಸ್ತ್ರ ಓದಿದ ಮಗಳನ್ನು ಕೇಳಿದೆ. ಅವಳು ಅಡುಗೆಮನೆಯಲ್ಲೇ ಪಾಠ ಶುರುಮಾಡಿದಳು.

"ಅಮ್ಮಾ, ನಮ್ಮ ಮೈಯಲ್ಲಿ ಹೆಚ್ಚಿನ ಪಾಲು ನೀರೇ. ವಿಕಿರಣ ತಾಗಿದಾಗ ನೀರಿನ ಅಣುವಿನಿಂದ ಎಲೆಕ್ಟ್ರಾನ್ ಸಿಡಿಯುತ್ತೆ. ಸುತ್ತಲಿನ ಅಣುಗಳು ತಮ್ಮ ಹೈಡ್ರೋಜನ್ ತುದಿಯನ್ನು ಅದರತ್ತ ತಿರುಗಿಸಿ ಸುತ್ತುವರಿಯುತ್ತವೆ. ಎಲೆಕ್ಟ್ರಾನ್ ನೀರಲ್ಲಿ ಕರಗಿತು ಅಂತ ಲೆಕ್ಕ."

1962ರಲ್ಲಿ ಹಾರ್ಟ್ ಮತ್ತು ಬೋಗ್ ಎಂಬ ವಿಜ್ಞಾನಿಗಳು ಇದನ್ನು ಗುರುತಿಸಿದರಂತೆ. ಅದು ಕೆಂಪು ಬೆಳಕನ್ನು ಹೀರುವುದರಿಂದ ಅದರ ಬಣ್ಣ ನೀಲಿ. ನಾವು ಕಣ್ಣು ಮಿಟುಕಿಸುವ ಮೊದಲೇ ಮಾಯ. ಅದು ಕರಗುವ ಗಳಿಗೆಯನ್ನೇ ಫ್ರಾನ್ಸಿನಲ್ಲಿ 1987ರಲ್ಲಿ ಅಳೆದರು. ಲೇಸರಿನ ಒಂದು ಮಿಂಚು ಎಲೆಕ್ಟ್ರಾನನ್ನು ಬಿಡಿಸುತ್ತದೆ. ಕೂದಲ ದಪ್ಪದಷ್ಟು ಹೆಚ್ಚು ದೂರ ಸುತ್ತಿ ಬರುವ ಇನ್ನೊಂದು ಮಿಂಚು, ಅಷ್ಟರಲ್ಲಿ ಏನಾಯಿತೆಂದು ನೋಡುತ್ತದೆ. ಬೇಕಾದ ಕಾಲ ಸುಮಾರು 240 ಫೆಮ್ಟೊಸೆಕೆಂಡ್. ಫೆಮ್ಟೊಸೆಕೆಂಡನ್ನು ಹಿಗ್ಗಿಸಿ ಒಂದು ಸೆಕೆಂಡ್ ಮಾಡಿದರೆ, ನಮ್ಮ ಒಂದು ಸೆಕೆಂಡ್ ಮೂರು ಕೋಟಿ ವರ್ಷ ದಾಟುತ್ತದಂತೆ!

ಮರುದಿನ ಬಸ್ಸಿನಲ್ಲಿ ಇದನ್ನೆಲ್ಲ ಅಕ್ಕನಿಗೆ ಹೇಳಿದೆ. "ಒಡೆದ ನೀರಿನ ಚೂರುಗಳೇ ಕೆಟ್ಟ ಜೀವಕೋಶಗಳ ಮೇಲೆ ಬೀಳುತ್ತವಂತೆ. ಪಕ್ಕದ ಒಳ್ಳೆಯವಕ್ಕೂ ಒಂದಷ್ಟು ಪೆಟ್ಟು."

"ಅದಕ್ಕೇ ಈ ಸುಸ್ತೇನೋ" ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಅಂದರೆ ನಾನು ಸುಮ್ಮನೆ ಮಲಗಿ ಬರುತ್ತಿಲ್ಲ ಅನ್ನು."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಮಕ್ಕಳಿಗೆ ಎಷ್ಟು ಸಲ ಹೇಳಿಲ್ಲ! ಕಾಣದ್ದನ್ನೂ ಪ್ರಮಾಣಿಸಿ ನೋಡುವವರಿದ್ದಾರೆಂದು ಈ ವಯಸ್ಸಿನಲ್ಲಿ ನಾನು ಕಲಿತೆ. ಚಿಕಿತ್ಸೆ ಗೆಲ್ಲುತ್ತದೆಂಬ ಮಾತನ್ನು ನಾನು ಕೊಡಲಾರದವಳು. ಆದರೆ ಉಳಿದ ಹನ್ನೊಂದು ದಿನ ಅಕ್ಕ ಒಮ್ಮೆಯೂ ಬೇಡ ಎನ್ನಲಿಲ್ಲ.

ಕೊನೆಯ ದಿನ ಹೊರಬಂದವಳು ನೀರಿನ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು, "ನೀಲಿ ಕಾಣುತ್ತೇನೇ?" ಎಂದು ನಕ್ಕಳು. ಎಷ್ಟೋ ತಿಂಗಳ ಮೇಲೆ ಕಂಡ ನಗು ಅದು.