ಡ್ರೈವ್‌ಗೆ ಎರಡು ಕಣ್ಣು

ಡಿವಿಡಿ ಹಾಕಿದರೆ ಓಡುತ್ತದೆ. ಸಿಡಿ ಹಾಕಿದರೆ ಮಾತ್ರ ಡಿಸ್ಕ್ ಹಾಕಿ ಎಂದು ಕಂಪ್ಯೂಟರ್ ಕೇಳುತ್ತದೆ. ಡಿಸ್ಕ್ ಒಳಗೇ ಉಂಟು, ತಿರುಗುವ ಸದ್ದೂ ಕೇಳುತ್ತದೆ. ಹೀಗಾದಾಗ ಹೆಚ್ಚಿನವರು ಹೇಳುವುದು ಒಂದೇ ಮಾತು: ಡ್ರೈವ್ ಸರಿ ಉಂಟು, ಸಿಡಿ ಹೋಗಿದೆ, ಬಿಸಾಡಿ. ಮಂಗಳೂರಿನ ಒಂದು ಅಂಗಡಿಯಲ್ಲಿ ನಮಗೂ ಹಾಗೆಯೇ ಹೇಳಿದರು. ನಾವು ಬಿಸಾಡಲಿಲ್ಲ. ಗೆಳೆಯರೇ, ನಿಮ್ಮ ಮನೆಯ ಕಪಾಟಿನಲ್ಲೂ ಇಂಥ ಸಿಡಿಗಳು ಇರಬಹುದು, ಅದಕ್ಕಾಗಿ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮದು 2003ರ ವಿಸಿಡಿ. ಅತ್ತೆಯ ಮದುವೆಯ ಹಿಂದಿನ ದಿನದ ರೋಸ್. ತೆಂಗಿನ ಹಾಲು ಹಚ್ಚುವಾಗ ನಮ್ಮ ಶಾಮಾಯ್ ಮತ್ತು ನೆರೆಮನೆಯ ಇಬ್ಬರು ಹೆಂಗಸರು ಕೂತು ವೊವಿಯೊ ಹಾಡಿದ್ದು ಅದರಲ್ಲಿ ಉಂಟು. ಶಾಮಾಯ್ ಈಗ ಇಲ್ಲ. ಆ ಇಬ್ಬರಲ್ಲಿ ಒಬ್ಬರೂ ಇಲ್ಲ. ಉಳಿದವರಿಗೆ ಎಂಬತ್ತು ದಾಟಿದೆ, ಹಾಡು ನೆನಪುಂಟು, ಆದರೆ ನಡುವೆ ಕಡಿದುಹೋಗುತ್ತದೆ. ಶಾಮಾಯ್ ಯಾವುದನ್ನೂ ಬರೆದಿಟ್ಟವರಲ್ಲ, ಕೇಳಿ ಕಲಿತವರು. ಮೇ ತಿಂಗಳಲ್ಲಿ ನಮ್ಮ ದೊಡ್ಡಪ್ಪನ ಮಗಳ ರೋಸ್. ಈ ಸಲ ನಾವೇ ಹಾಡುವ ಎಂದು ನಾಲ್ಕು ಜನ ಹೊರಟೆವು. ಡಿಜೆ ತರಿಸುವುದು ಸುಲಭ, ಅದಕ್ಕೆ ಯಾರೂ ಏನೂ ಕಲಿಯಬೇಕಾಗಿಲ್ಲ! ಹಾಡಬೇಕಾದರೆ ಮಾತು ಬೇಕು, ಮಾತು ಆ ಡಿಸ್ಕಿನ ಒಳಗಿತ್ತು.

ಬಾಪ್ಪು ಗಲ್ಫ್‌ನಲ್ಲಿ ಟಿವಿ, ಡೆಕ್ ರಿಪೇರಿ ಮಾಡಿಕೊಂಡು ಇದ್ದವರು. ಅಂಗಡಿಯವರು ಹೇಳಿದ್ದನ್ನು ಕೇಳಿ ನಕ್ಕರು. "ಪುತಾ, ಡಿವಿಡಿ ಓದ್ತದೆ ಅಂದ ಕೂಡ್ಲೆ ಡ್ರೈವ್ ಒಳ್ಳೇದುಂಟು ಅಂತ ಹೇಗೆ ಹೇಳುವುದು? ಅದಕ್ಕೆ ಎರಡು ಕಣ್ಣು."

ಸಂಗತಿ ಇಷ್ಟೇ. ಸಿಡಿಯನ್ನು ಓದುವುದು 780 ನ್ಯಾನೋಮೀಟರ್‌ನ ಲೇಸರ್, ನಮ್ಮ ಕಣ್ಣಿಗೆ ಕಾಣದ ಬೆಳಕು. ಡಿವಿಡಿಯನ್ನು ಓದುವುದು 650 ನ್ಯಾನೋಮೀಟರ್‌ನ ಕೆಂಪು ಲೇಸರ್. ಸಿಡಿಯ ಸಾಲುಗಳ ನಡುವೆ 1.6 ಮೈಕ್ರಾನ್ ಅಂತರ, ಡಿವಿಡಿಯಲ್ಲಿ 0.74. ಹಾಗಾಗಿ ಎರಡಕ್ಕೂ ಬೇರೆ ಬೇರೆ ಬೆಳಕು ಬೇಕು. ಒಂದು ಸೋತರೂ ಇನ್ನೊಂದು ಸರಿಯಾಗಿ ಕೆಲಸ ಮಾಡಬಹುದು. ಸಿಡಿ ಓದದ ಡ್ರೈವನ್ನು ಪರೀಕ್ಷೆ ಮಾಡಬೇಕಾದರೆ ಇನ್ನೊಂದು ಸಿಡಿಯನ್ನೇ ಹಾಕಿ ನೋಡಬೇಕು, ಸಿನಿಮಾದ ಡಿವಿಡಿಯನ್ನಲ್ಲ. ನಾವು ಅಂಗಡಿಯಿಂದ ಕೊಂಡ ಹಳೆಯ ಹಾಡಿನ ಸಿಡಿಯೊಂದನ್ನು ಹಾಕಿದೆವು. ಗೀರು ಇಲ್ಲದ, ಚೊಕ್ಕ ಸಿಡಿ. ಅದೂ ಓದಲಿಲ್ಲ! ಅಲ್ಲಿಗೆ ನಮ್ಮ ವಿಸಿಡಿಯ ಮೇಲಿನ ಅಪವಾದ ಅರ್ಧ ಕಳೆಯಿತು.

ಡ್ರೈವಿನ ಹೆಸರೇ ಕಂಪ್ಯೂಟರಿನಲ್ಲಿ ಕಾಣದಿದ್ದರೆ ಅದು ಬೇರೆ ರೋಗ. ಮೊದಲು ಕೇಬಲ್ ಬದಲಿಸಿ ನೋಡಬೇಕು. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಹೆಸರಿನ ಮೇಲೆ ಹಳದಿ ಗುರುತು ಬಂದಿದ್ದರೆ, ಸಿಡಿ ಬರೆಯುವ ಯಾವುದೋ ಸಾಫ್ಟ್‌ವೇರ್ ಹಾಕಿ ತೆಗೆದದ್ದರಿಂದ ರಿಜಿಸ್ಟ್ರಿಯಲ್ಲಿ ಅಪ್ಪರ್‌ಫಿಲ್ಟರ್ಸ್, ಲೋವರ್‌ಫಿಲ್ಟರ್ಸ್ ಎಂಬ ಸಾಲುಗಳು ಕೆಟ್ಟಿರುವುದುಂಟು. ಅದನ್ನು ತಿಳಿದವರ ಕೈಯಲ್ಲೇ ಮಾಡಿಸಿ. ನಮ್ಮಲ್ಲಿ ಇವೆರಡೂ ಇರಲಿಲ್ಲ.

ಬಾಪ್ಪು ಕರೆಂಟು ತೆಗೆದು ಡ್ರೈವನ್ನು ಕ್ಯಾಬಿನೆಟ್ಟಿನಿಂದ ಹೊರಗೆ ಎಳೆದರು. ಲ್ಯಾಪ್‌ಟಾಪಿನಲ್ಲಾದರೆ ಟ್ರೇ ಎಳೆದ ಕೂಡಲೇ ಲೆನ್ಸ್ ಕಾಣುತ್ತದೆ, ಮೇಜಿನ ಕಂಪ್ಯೂಟರಿನಲ್ಲಿ ಅದು ಪೆಟ್ಟಿಗೆಯ ಒಳಗೆ ಕೂತಿರುತ್ತದೆ. ಮುಂದಿನ ಸಣ್ಣ ತೂತಿಗೆ ಪೇಪರ್ ಕ್ಲಿಪ್ಪಿನ ತಂತಿ ನೆಟ್ಟಗೆ ಮಾಡಿ ಒತ್ತಿದರೆ ಟ್ರೇ ಹೊರಬರುತ್ತದೆ. ಆಮೇಲೆ ಅಡಿಯ ನಾಲ್ಕು ಸ್ಕ್ರೂ. ಲೆನ್ಸ್ ನೋಡಿದರೆ ಒಂದು ಹುರುಳಿಕಾಳಿನಷ್ಟು, ಕೂದಲಿನಂಥ ತಂತಿಗಳ ಮೇಲೆ ತೂಗುತ್ತಿತ್ತು. ಅದರ ಮೇಲೆ ಮಂಜು ಹಿಡಿದ ಹಾಗೆ ಒಂದು ಪದರ. ನಮ್ಮ ಕಾಸರಗೋಡಿನ ಮಳೆಗಾಲ ಪುಸ್ತಕವನ್ನು, ಚಪ್ಪಲಿಯನ್ನು ಬಿಡುವುದಿಲ್ಲ, ಇದನ್ನು ಬಿಡುತ್ತದೆಯೇ? ಹತ್ತಿಯ ಕಡ್ಡಿಗೆ ಒಂದು ಹನಿ ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಮುಟ್ಟಿಯೂ ಮುಟ್ಟದ ಹಾಗೆ ಒರಸಿದರು. ಸೆಂಟು, ಥಿನ್ನರ್, ಸೀಮೆ ಎಣ್ಣೆ ಯಾವುದೂ ಆಗದು. ಪೆಟ್ಟಿಗೆ ತೆರೆದಿಟ್ಟುಕೊಂಡು ಕರೆಂಟು ಕೊಡಲೂಬಾರದು. ಕಾಣದ ಬೆಳಕು ಅಂದೆನಲ್ಲ, ಕಣ್ಣಿಗೆ ಬಿದ್ದರೂ ಗೊತ್ತಾಗುವುದಿಲ್ಲ.

ಮತ್ತೆ ಜೋಡಿಸಿ ಹಾಕಿದಾಗ ಹಾಡಿನ ಸಿಡಿ ಓಡಿತು. ನಮ್ಮ ವಿಸಿಡಿ ಓಡಲಿಲ್ಲ. ಸಿಡಿಯ ಲೇಸರಿಗೇ ವಯಸ್ಸಾಗಿದೆ ಎಂದು ಬಾಪ್ಪು ಲೆಕ್ಕ ಹಾಕಿದರು. ಲೇಸರಿನ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿ ಶಕ್ತಿ ಹೆಚ್ಚಿಸುವವರಿದ್ದಾರೆ. ಅವರು ಒಪ್ಪಲಿಲ್ಲ. "ಮುದುಕನನ್ನು ಓಡಿಸಿದ ಹಾಗೆ. ನಾಲ್ಕು ದಿನ ಓಡ್ತಾನೆ, ಮತ್ತೆ ಮಲಗ್ತಾನೆ." ಯುವಕೂಟದ ಗೆಳೆಯನೊಬ್ಬನ ಮನೆಯಲ್ಲಿ ಯುಎಸ್‌ಬಿಗೆ ಹಾಕುವ ಡ್ರೈವ್ ಇತ್ತು, ಅದನ್ನು ಕೇಳಿ ತಂದೆವು.

ಹಾಕುವ ಮೊದಲು ಡಿಸ್ಕನ್ನು ತೊಳೆದೆವು. ಇಲ್ಲಿ ಒಂದು ಮಾತು. ನಾವೆಲ್ಲ ಹೊಳೆಯುವ ಬದಿಯನ್ನು ಜೋಪಾನ ಮಾಡುತ್ತೇವೆ, ಹೆಸರು ಬರೆದ ಬದಿಯನ್ನು ಮೇಜಿನ ಮೇಲೆ ಉಜ್ಜುತ್ತೇವೆ. ಸಿಡಿಯಲ್ಲಿ ಇದು ತಲೆಕೆಳಗು. ಹೊಳೆಯುವ ಬದಿಯಲ್ಲಿ ಸುಮಾರು 1.2 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಕಾವಲಿದೆ. ಬೆಳ್ಳಿಯ ಪದರ ಇರುವುದು ಮೇಲೆ, ಹೆಸರಿನ ಕೆಳಗೇ, ತೆಳ್ಳಗಿನ ವಾರ್ನಿಷ್ ಮಾತ್ರ ಅದಕ್ಕೆ ರಕ್ಷೆ. ಕೆಳಗಿನ ಗೀರನ್ನು ಎಷ್ಟೋ ಸಲ ಡ್ರೈವ್ ದಾಟಿಕೊಳ್ಳುತ್ತದೆ, ಮೇಲಿನ ಪದರ ಕಿತ್ತು ಬಂದರೆ ಅಲ್ಲಿದ್ದದ್ದು ಹೋಯಿತು. ತೊಳೆಯುವುದಾದರೆ ಸಾಬೂನಿನ ನೀರು, ಮೆತ್ತಗಿನ ಬಟ್ಟೆ, ನಡುವಿನಿಂದ ಅಂಚಿಗೆ ನೆಟ್ಟಗೆ. ಸಾಲುಗಳು ಸುತ್ತಿಕೊಂಡು ಹೋಗಿರುವುದರಿಂದ ಸುತ್ತ ಉಜ್ಜಿದ ಗೀರು ಒಂದೇ ಸಾಲನ್ನು ಉದ್ದಕ್ಕೆ ಕೆಡಿಸುತ್ತದೆ, ಅಡ್ಡ ಗೀರು ಅಷ್ಟು ತೊಂದರೆ ಕೊಡುವುದಿಲ್ಲ.

ಡಿಸ್ಕ್ ತೆರೆಯಿತು. ಅವ್‌ಸೆಕ್ ಎಂಬ ಡ್ಯಾಟ್ ಫೈಲನ್ನು ಕಾಪಿ ಮಾಡಲು ಕೊಟ್ಟರೆ ನಡುವಲ್ಲಿ ಸೈಕ್ಲಿಕ್ ರಿಡಂಡೆನ್ಸಿ ಚೆಕ್ ಎಂದು ನಿಂತಿತು. ಅಲ್ಲಿಯೂ ಒಂದು ಗುಟ್ಟುಂಟು. ಲೆಕ್ಕಪತ್ರ ಇಡುವ ಸಿಡಿಯಲ್ಲಿ ಪ್ರತಿ ತುಂಡಿಗೆ 2048 ಬೈಟ್ ಮಾಹಿತಿ, ತಪ್ಪಿದರೆ ತಿದ್ದಿಕೊಳ್ಳಲು ಬೇರೆ ಜಾಗ. ವಿಸಿಡಿಯಲ್ಲಿ ಆ ತಿದ್ದುವ ಜಾಗವನ್ನೂ ಚಿತ್ರಕ್ಕೇ ಕೊಟ್ಟು 2324 ಬೈಟ್ ತುಂಬಿದ್ದಾರೆ, ಚಿತ್ರದಲ್ಲಿ ಒಂದು ಚುಕ್ಕೆ ಕೆಟ್ಟರೆ ಯಾರಿಗೂ ಗೊತ್ತಾಗದು ಎಂದು. ಟಿವಿಗೆ ಹಾಕುವ ಪ್ಲೇಯರ್ ಕೆಟ್ಟ ಚೂರನ್ನು ಹಾರಿ ಮುಂದೆ ಹೋಗುತ್ತದೆ. ಕಾಪಿ ಮಾಡುವ ಕಂಪ್ಯೂಟರ್ ಒಂದು ಚೂರಿಗಾಗಿ ಇಡೀ ಫೈಲನ್ನೇ ಬಿಟ್ಟುಕೊಡುತ್ತದೆ. ಹಾಗಾಗಿ ಐಸೋಬಸ್ಟರ್ ಎಂಬ ಸಾಫ್ಟ್‌ವೇರ್ ಹಾಕಿ, ಓದಲಾಗದ್ದನ್ನು ಬಿಟ್ಟು ಮುಂದೆ ಹೋಗು ಎಂದು ಕೊಟ್ಟೆವು. ಎರಡು ಗಂಟೆಗೂ ಹೆಚ್ಚು ಹಿಡಿಯಿತು. ಮೊದಲಿಗೆ ಕಂಡದ್ದು ನಮ್ಮ ಹಳೆಯ ಜಗಲಿ, ಆಮೇಲೆ ಹಸಿರು ಸೀರೆಯ ಶಾಮಾಯ್. ಅಪ್ಪ ಕುರ್ಚಿ ಎಳೆದುಕೊಂಡು ಹತ್ತಿರ ಬಂದು ಕೂತರು, ಏನೂ ಮಾತಾಡಲಿಲ್ಲ.

ಎರಡು ಕಡೆ ಕಡಿದುಹೋಗಿತ್ತು, ಸೇರಿಸಿದರೆ ಮುಕ್ಕಾಲು ನಿಮಿಷ. ಹಾಡನ್ನು ಫೋನಿಗೆ ಹಾಕಿಕೊಂಡು ನೆರೆಮನೆಯ ಮಾಯ್ ಹತ್ತಿರ ಹೋದೆವು. ಅವರು ಕಣ್ಣು ಮುಚ್ಚಿ ಜೊತೆಗೆ ಹಾಡತೊಡಗಿದರು. ಕಡಿದ ಜಾಗ ಬಂತು, ಫೋನು ಸುಮ್ಮನಾಯಿತು, ಅವರು ನಿಲ್ಲಿಸಲಿಲ್ಲ. ಹೋದ ಸಾಲುಗಳನ್ನು ಹಾಡಿ ಮುಗಿಸುವಷ್ಟರಲ್ಲಿ ಆ ಕಡೆಯಿಂದ ಶಾಮಾಯ್ ಮತ್ತೆ ಸೇರಿಕೊಂಡರು. ನನ್ನ ತಂಗಿ ಇನ್ನೊಂದು ಫೋನಿನಲ್ಲಿ ಅದನ್ನು ಹಿಡಿದುಕೊಂಡಳು. ಮುಗಿದ ಮೇಲೆ ಮಾಯ್ ಹೇಳಿದ್ದು ಇಷ್ಟು: "ನೀವು ಮಕ್ಕಳು ಸ್ವರ ಮೇಲೆ ಹಿಡಿಯಬೇಡಿ. ಅವಳು ತಗ್ಗಿಸಿಯೇ ಹಾಡ್ತಿದ್ದದ್ದು."

ಈಗ ಪೆನ್ ಡ್ರೈವ್‌ನಲ್ಲಿ ಒಂದು, ಅತ್ತೆಯ ಮನೆಯಲ್ಲಿ ಒಂದು ಪ್ರತಿ ಉಂಟು. ಎರಡನೆಯ ಡಿಸ್ಕ್ ಇನ್ನೂ ಬಾಕಿ. ಅದರ ಮೇಲೆ ಸ್ಟುಡಿಯೋದವರು ಕಾಗದದ ಸ್ಟಿಕರ್ ಅಂಟಿಸಿದ್ದಾರೆ, ಒಂದು ಮೂಲೆ ಎದ್ದು ನಿಂತಿದೆ. ಕಿತ್ತರೆ ಬೆಳ್ಳಿಯೂ ಜೊತೆಗೆ ಬರುತ್ತದೆ ಎಂದು ಬಾಪ್ಪು ಯಾರಿಗೂ ಮುಟ್ಟಲು ಬಿಡುವುದಿಲ್ಲ. ಎದ್ದ ಮೂಲೆಯನ್ನು ಹಾಗೆಯೇ ಒತ್ತಿ ಕೂರಿಸಿ, ಬರುವ ಶನಿವಾರ ಗೆಳೆಯನ ಡ್ರೈವಿನಲ್ಲಿ ಹಾಕುವವರಿದ್ದೇವೆ.